ಎಡಕ್ಕೆ ತಿರುಗದ ಡೋಜರು

ಚಿ. ಅಪ್ಪಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಕೊಳ್ಳಬೇಕು ಅಂತಿರುವ ಹಳೇ ಡೋಜರಿನ ವಿಡಿಯೋ ನಾಲ್ಕು ಸಲ ನೋಡಿದೆ. ಗಾಡಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಎರಡು ಸಲ ಬಲಕ್ಕೆ ಚೆಂದಾಗಿ ತಿರುಗುತ್ತದೆ. ಎಡಕ್ಕೆ ಒಂದು ಸಲವೂ ತಿರುಗಲಿಲ್ಲ, ನೋಡಿದೆಯಾ? ಹೊಸ ಪೇಂಟು, ಮುಟ್ಟಿದ ಕೂಡಲೇ ಸ್ಟಾರ್ಟ್ ಆಗುವ ಎಂಜಿನ್, ನಿನ್ನ ಕಣ್ಣಿಗೆ ಬಿದ್ದದ್ದು ಅಷ್ಟೇ. "ಸ್ಟೀರಿಂಗ್ ಸ್ವಲ್ಪ ಅಡ್ಜಸ್ಟ್ ಮಾಡಿದ್ರೆ ಸಾಕಂತೆ" ಅಂತ ಬರೆದಿದ್ದೀಯಲ್ಲ, ಆ 'ಸ್ವಲ್ಪ'ಕ್ಕಾಗಿಯೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದುಕೊಂಡು ಬೇರೆ ಏನೋ ನೋಡುತ್ತಿರುತ್ತೀಯ.

ಬೇಣದ ಹುಲ್ಲುನೆಲ ಸಮ ಮಾಡುವುದಷ್ಟೇ ಇದ್ದರೆ ನಾಲ್ಕು ದಿನ ಹಿಟಾಚಿ ಬಾಡಿಗೆಗೆ ತಂದರೆ ಮುಗಿಯಿತು. ಆದರೆ ನಿನಗೆ ಗಾಡಿಯ ಹುಚ್ಚು. ನನಗೂ ಇತ್ತು. ಹಾಗಾಗಿ ಬೇಡ ಅಂತ ಹೇಳುವುದಿಲ್ಲ.

ಡೋಜರಿನ ಹಾಗೆ ಚಕ್ರದ ಬದಲು ಉಕ್ಕಿನ ಚೈನಿನ ಮೇಲೆ ಓಡುವ ಚೈನ್ ಗಾಡಿ ತಿರುಗುವುದು ಹೇಗೆ ಅಂತ ಮೊದಲು ತಿಳಿದುಕೋ. ಗೇರ್‌ಬಾಕ್ಸಿನಿಂದ ಬಂದ ಶಕ್ತಿ ಹಿಂದುಗಡೆ ಎರಡು ಪಾಲಾಗುತ್ತದೆ. ಎಡ ಚೈನಿಗೊಂದು ಕ್ಲಚ್, ಬಲ ಚೈನಿಗೊಂದು. ಎಡ ಲಿವರ್ ಎಳೆದರೆ ಎಡ ಕ್ಲಚ್ ಬಿಡುತ್ತದೆ, ಆ ಬದಿಯ ಚೈನಿಗೆ ಶಕ್ತಿ ಇಲ್ಲ, ಬಲ ಚೈನು ತಳ್ಳಿ ಗಾಡಿಯನ್ನು ಎಡಕ್ಕೆ ತಿರುಗಿಸುತ್ತದೆ. ಜೊತೆಗೆ ಎಡ ಬ್ರೇಕ್ ಒತ್ತಿದರೆ ನಿಂತಲ್ಲೇ ತಿರುಗುತ್ತದೆ. ಕೆಲವು ಗಾಡಿಗಳಲ್ಲಿ ಈ ಕ್ಲಚ್ಚೇ ಇಲ್ಲ, ಎರಡೂ ಬದಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲೆಂಬ ಗೇರು ಮತ್ತು ಬ್ರೇಕ್ ಬ್ಯಾಂಡು ಮಾತ್ರ. ಅಲ್ಲಿ ಒಂದು ಬದಿ ನಿಧಾನವಾದರೆ ಇನ್ನೊಂದು ಬದಿ ಜೋರಾಗುತ್ತದೆ. ನೀನು ನೋಡಿದ್ದು ಯಾವುದು ಅಂತ ಕೇಳು. ಲಿವರ್ ಎರಡು, ಪೆಡಲ್ ಎರಡು ಕಾಣುವುದರಿಂದ ನನ್ನ ಲೆಕ್ಕದಲ್ಲಿ ಕ್ಲಚ್ಚಿನದ್ದೇ.

ಈಗ ನಮ್ಮ ಕರಾವಳಿಯ ಕಥೆ. ಆ ಗಾಡಿ ಅಂಕೋಲಾದ ಹಲಸಿನ ಮರದಡಿ ಎರಡು ಮಳೆಗಾಲ ಕಳೆದಿದೆ ಅಂತ ನೀನೇ ಬರೆದಿದ್ದೀಯ. ಎಷ್ಟೋ ಹಳೇ ಗಾಡಿಗಳ ಕ್ಲಚ್ ಒಣ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ್ದು. ಲೈನಿಂಗ್ ಪ್ಲೇಟು, ಉಕ್ಕಿನ ಪ್ಲೇಟು, ಒಂದರ ಮೇಲೊಂದು ಹಪ್ಪಳದ ಹಾಗೆ ಜೋಡಿಸಿ ಸ್ಪ್ರಿಂಗಿನಿಂದ ಒತ್ತಿರುತ್ತಾರೆ. ಉಪ್ಪು ಗಾಳಿ, ತೇವ, ಅಲ್ಲಾಡದೆ ನಿಂತ ಗಾಡಿ. ತುಕ್ಕು ಹಿಡಿದು ಪ್ಲೇಟುಗಳೆಲ್ಲ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಲಿವರ್ ಎಷ್ಟು ಎಳೆದರೂ ಕ್ಲಚ್ ಬಿಡುವುದಿಲ್ಲ. ಬ್ರೇಕ್ ತುಳಿದರೆ ಎಂಜಿನ್ ಏದುಸಿರು ಬಿಡುತ್ತದೆ, ಗಾಡಿ ಮಾತ್ರ ನೆಟ್ಟಗೇ ಹೋಗುತ್ತದೆ. ಇದು ಅಡ್ಜಸ್ಟ್ ಮಾಡಿ ಸರಿಯಾಗುವ ಕಾಯಿಲೆ ಅಲ್ಲ.

ಎರಡನೆಯದು, ಲಿವರ್ ಎಳೆದಾಗ ನಿಧಾನವಾಗಿ ತಿರುಗುತ್ತದೆ, ಬ್ರೇಕ್ ಒತ್ತಿದರೂ ಚುರುಕಾಗಿ ತಿರುಗುವುದಿಲ್ಲ ಅಂದರೆ ಬ್ರೇಕ್ ಸವೆದಿದೆ ಅಥವಾ ಸಡಿಲವಾಗಿದೆ. ಇದು ಅಗ್ಗದ ಕಾಯಿಲೆ, ಇದಾಗಿದ್ದರೆ ದೇವರು ದೊಡ್ಡವನು. ಮೂರನೆಯದು, ಲಿವರ್ ಮುಟ್ಟದೆಯೇ ಭಾರಕ್ಕೆ ಒಂದು ಕಡೆ ಎಳೆಯುವುದು. ಬ್ಲೇಡನ್ನು ದಿಬ್ಬಕ್ಕೆ ಒತ್ತಿ ಮೊದಲ ಗೇರಿನಲ್ಲಿ ತಳ್ಳಿಸು. ಒಂದು ಚೈನು ತಿರುಗುತ್ತಿದೆ, ಇನ್ನೊಂದು ನಿಂತುಬಿಟ್ಟಿದೆ ಅಂದರೆ ನಿಂತ ಬದಿಯ ಕ್ಲಚ್ ಜಾರುತ್ತಿದೆ. ಕ್ಲಚ್ ಪೆಟ್ಟಿಗೆಯ ಕೆಳಗೆ ಡ್ರೈನ್ ಪ್ಲಗ್ ಇರುತ್ತದೆ, ಅದನ್ನು ಬಿಚ್ಚಿಸಿ ನೋಡು. ಒಣ ಕ್ಲಚ್ಚಿನಲ್ಲಿ ಅಲ್ಲಿ ಎಣ್ಣೆ ಇರಬಾರದು, ಇದ್ದರೆ ಪ್ಲೇಟು ಜಾರುತ್ತದೆ. ಬಳಬಳ ಸುರಿದರೆ ಎಣ್ಣೆ ತಡೆಯುವ ಒಳಗಿನ ಸೀಲ್ ಹೋಗಿದೆ ಅಂತ ಅರ್ಥ. ಎಷ್ಟು ಸಲ ತೊಳೆದರೂ ಎಣ್ಣೆ ಮತ್ತೆ ಬಂದೇ ಬರುತ್ತದೆ.

ಇಳಿಜಾರಿನಲ್ಲಿ ಮಾತ್ರ ಹತ್ತಿ ನೋಡಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ನಿನ್ನ ಅಪ್ಪನ ಮದುವೆಯ ವರ್ಷ ನಾನೂ ಇಬ್ಬರು ಗೆಳೆಯರೂ ಸೇರಿ ಒಂದು ಹಳೇ ಡೋಜರು ತಗೊಂಡಿದ್ದೆವು, ನಿನಗೆ ಗೊತ್ತಿಲ್ಲ. ಬ್ರೇಕ್ ಸರಿ ಇಲ್ಲ ಅಂತ ಗೊತ್ತಿದ್ದೇ, ಸಂಜೆ ಆಯಿತು ಬೇಗ ಇಳಿಸಿಬಿಡೋಣ ಅಂತ ತೋಟದ ದಿಬ್ಬದಿಂದ ಇಳಿಸುತ್ತಿದ್ದೆ. ಎಡಕ್ಕೆ ಹೋಗಬೇಕಿತ್ತು, ಎಡ ಲಿವರ್ ಎಳೆದೆ. ಗಾಡಿ ಬಲಕ್ಕೆ ಹೋಯಿತು. ಇಳಿಯುವಾಗ ಗಾಡಿಯನ್ನು ತಡೆದು ಹಿಡಿದಿರುವುದೇ ಎಂಜಿನ್ನು, ಕ್ಲಚ್ ಬಿಟ್ಟ ಬದಿಗೆ ಆ ತಡೆ ಇಲ್ಲ, ಆ ಚೈನು ಸಡಿಲಾಗಿ ಮುಂದೆ ಓಡುತ್ತದೆ. ಬ್ರೇಕ್ ಹಿಡಿದರೆ ಮಾತ್ರ ನೀನು ಹೇಳಿದ ಕಡೆಗೆ ಬರುತ್ತದೆ. ನಾನು ಹೆದರಿ ಇನ್ನೂ ಜೋರಾಗಿ ಅದೇ ಲಿವರ್ ಎಳೆದೆ. ಮೂರು ಅಡಿಕೆ ಮರ ನೆಲಕ್ಕೆ, ಗಾಡಿಯ ಮೂತಿ ಬಸಿಗಾಲುವೆಗೆ. ಕಾಲುವೆಯಲ್ಲಿ ಯಾರೂ ಇರಲಿಲ್ಲ. ನಿನ್ನ ಅಜ್ಜ ಎಂಟು ದಿನ ಮಾತು ಬಿಟ್ಟಿದ್ದರು.

ಕಚ್ಚಿಕೊಂಡ ಕ್ಲಚ್ ಬಿಡಿಸಲು ಎಂಜಿನ್ ಬಿಸಿ ಮಾಡಿ, ಲಿವರನ್ನು ಹಗ್ಗದಲ್ಲಿ ಹಿಂದಕ್ಕೆ ಕಟ್ಟಿ, ಬ್ರೇಕ್ ಒತ್ತಿ ಹಿಂದೆ ಮುಂದೆ ಅಲ್ಲಾಡಿಸುತ್ತಾರೆ. ಸಮ ಜಾಗದಲ್ಲಿ ಮಾಡಿದರೆ ಕೆಲವು ಸಲ ಠಕ್ ಅಂತ ಬಿಡುತ್ತದೆ. ಬಿಡದಿದ್ದರೆ ಸೀಟು, ಎಷ್ಟೋ ಗಾಡಿಗಳಲ್ಲಿ ಡೀಸೆಲ್ ಟ್ಯಾಂಕು ಕೂಡ ಇಳಿಸಿ, ಚೈನ್ ಪುಲ್ಲಿ ಕಟ್ಟಿ ಕ್ಲಚ್ ಎತ್ತಬೇಕು. ಅಷ್ಟು ಬಿಚ್ಚಿದ ಮೇಲೆ ಒಂದು ಬದಿ ಮಾತ್ರ ಮಾಡಿ ಮುಚ್ಚಬೇಡ, ಎರಡೂ ಬದಿ ಲೈನಿಂಗ್, ಸೀಲ್ ಹಾಕಿಸಿಬಿಡು. ಎಷ್ಟೋ ಹಳೇ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗ್ಯಾರೇಜಿನ ಹುಡುಗರು ಕಂಪ್ರೆಸರ್ ಗಾಳಿ ಹಿಡಿದು ಊದಲು ಬರುತ್ತಾರೆ, ಬಿಡಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳು.

ಚೈನು, ರೋಲರು, ಸ್ಪ್ರಾಕೆಟ್ಟು ಬೇರೆಯೇ ಒಂದು ರಾಮಾಯಣ. ಚೈನು ತಿರುಗಿಸುವ ಹಲ್ಲುಚಕ್ರವೇ ಸ್ಪ್ರಾಕೆಟ್, ಅದರ ಹಲ್ಲು ಚೂಪಾಗಿದ್ದರೆ ದುಡ್ಡು ಅಲ್ಲೇ ಕುಳಿತಿದೆ ಅಂತ ತಿಳಿ. ನಮ್ಮ ಚಿರೆಕಲ್ಲಿನ ಹರಳು ಚೈನಿನ ಕೀಲಿನ ಪಿನ್ನು ಬುಷ್ಷನ್ನು ಅರಗಿಸಿಬಿಡುತ್ತದೆ.

ಯಾವ ಕಂಪನಿಯ ಗಾಡಿ ಅಂತ ನೀನು ಬರೆದೇ ಇಲ್ಲ. ಬಿಇಎಂಎಲ್ ಆದರೆ ಪಾರ್ಟಿನ ಚಿಂತೆ ಸ್ವಲ್ಪ ಕಡಿಮೆ. 1964ರಲ್ಲಿ ಶುರುವಾದ ಕಂಪನಿ, ಕೆಜಿಎಫ್‌ನಲ್ಲೇ ಬುಲ್ಡೋಜರ್ ಮಾಡುತ್ತದೆ, ಅದರ ಕೈಪಳಗಿದ ಫಿಟ್ಟರುಗಳು ಸಿಗುತ್ತಾರೆ. ಕಂಪನಿ, ಮಾಡೆಲ್ ಬರೆದ ಪ್ಲೇಟಿನ ಫೋಟೋ ಕಳಿಸು. ಹಾಂ, ತರುವ ಖರ್ಚನ್ನೂ ಬೆಲೆಗೆ ಸೇರಿಸು. ಟಾರ್ ರಸ್ತೆಯ ಮೇಲೆ ಚೈನ್ ಗಾಡಿ ಓಡಿಸಿಕೊಂಡು ಬರುವ ಹಾಗಿಲ್ಲ, ರಸ್ತೆ ಕಿತ್ತು ಬರುತ್ತದೆ, ಲಾರಿ ಟ್ರೈಲರ್ ಬೇಕೇ ಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತೇನೆ, ಅಲ್ಲಿಂದ ಒಟ್ಟಿಗೆ ಹೋಗೋಣ. ಅಲ್ಲಿಯವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡ, ನಾವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ಇಡಬೇಡ ಅಂತಲೂ ಮಾರುವವನಿಗೆ ಹೇಳು, ತಣ್ಣಗಿರುವಾಗ ಹೇಗೆ ಏಳುತ್ತದೆ ನೋಡಬೇಕು. ಹಳೇ ಅಂಗಿ ಹಾಕಿಕೊಂಡು ಬಾ, ಒಂದು ಟಾರ್ಚು ಮತ್ತು ಕೆಳಗೆ ಹಾಸಲು ಗೋಣಿಚೀಲ ಇರಲಿ. ನನ್ನ ಬೆನ್ನು ಈಗ ಬಗ್ಗುವುದಿಲ್ಲ, ಗಾಡಿಯ ಕೆಳಗೆ ಮಲಗುವವನು ನೀನೇ. ಆಯಿಗೆ ಹೇಳು, ಮುರುಗಲು ಸಿಪ್ಪೆ ತರುತ್ತೇನೆ.

ನಿನ್ನ ದೊಡ್ಡಪ್ಪ
ಶಿರಸಿ