ಕಂಬಕ್ಕೊಂದು ಟೆಂಡರ್, ಮೋರಿಗೊಂದು ಟೆಂಡರ್: ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಬೆಂಗಳೂರಿನ ಐದೂ ನಗರ ಪಾಲಿಕೆಗಳ ಆಯುಕ್ತರಿಗೆ,

ಮಾನ್ಯರೇ,

ರಸ್ತೆಯಂಚಿನ ಒಂದೂವರೆ ಮೀಟರಿನಲ್ಲಿ ಮೋರಿ, ದೀಪದ ಕಂಬ, ಕೇಬಲ್, ಮರ ಎಲ್ಲವೂ ಹೊಂದಿಕೊಂಡು ಇರಬೇಕು. ಆದರೆ ವಿದ್ಯುತ್ ವಿಭಾಗದ ಟೆಂಡರಿನಲ್ಲಿ ಮೋರಿ ಇರುವುದಿಲ್ಲ, ಸಿವಿಲ್ ವಿಭಾಗದ ಎಸ್ಟಿಮೇಟಿನಲ್ಲಿ ಕಂಬ ಇರುವುದಿಲ್ಲ. ಎರಡನ್ನೂ ಒಂದೇ ನಕ್ಷೆಗೆ ತಂದು ಒಟ್ಟಿಗೆ ಮಂಜೂರು ಮಾಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಹಳೇ ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ಚಪ್ಪಡಿ ಎತ್ತಿಸಿ ನೋಡಿ. ಮೋರಿ ಅಗಲ ಮಾಡುವಾಗ ಕಂಬ ಸರಿಸದೆ ಬಿಟ್ಟ ಕಡೆಯಲ್ಲೆಲ್ಲ ಅದು ಮೋರಿಯ ನಡುವೆ ನಿಂತಿರುತ್ತದೆ. ಬುಡದ ಕಾಂಕ್ರೀಟ್ 300 ಮಿ.ಮೀ. ದಪ್ಪ ಇದ್ದರೆ 600 ಮಿ.ಮೀ. ಮೋರಿಯಲ್ಲಿ ನೀರಿಗೆ ಉಳಿಯುವುದು ಅರ್ಧ ದಾರಿ. ಮೊದಲು ಒಂದು ಹಾಲಿನ ಕವರ್ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ತೆಂಗಿನ ನಾರು, ನಾರಿಗೆ ಎಲೆ. ಅದರ ಹಿಂದೆ ಮರಳು ಕೂರುತ್ತದೆ. 600ಕ್ಕೆ 600 ಮಿ.ಮೀ. ಮೋರಿ, 200 ಮೀಟರಿಗೆ 1 ಮೀಟರ್ ಇಳಿಯುವ ಇಳಿಜಾರಿನಲ್ಲಿ, ಸೆಕೆಂಡಿಗೆ ಸುಮಾರು 580 ಲೀಟರ್ ಒಯ್ಯಬಲ್ಲದು. ಅರ್ಧ ಹೂಳು ತುಂಬಿದರೆ 240 ಲೀಟರೂ ದಾಟುವುದಿಲ್ಲ. ಗಂಟೆಗೆ 50 ಮಿ.ಮೀ. ಮಳೆ ಸುರಿದರೆ ಕಟ್ಟಡ, ಡಾಂಬರು ತುಂಬಿದ ಒಂದು ಹೆಕ್ಟೇರಿನಿಂದಲೇ ಸೆಕೆಂಡಿಗೆ 120 ಲೀಟರ್ ಹರಿದು ಬರುತ್ತದೆ. ಅಂದರೆ ನಾಲ್ಕು ಹೆಕ್ಟೇರಿಗೆ ಸಾಕಾಗಬೇಕಿದ್ದ ಮೋರಿ ಎರಡಕ್ಕೇ ಏದುಸಿರು ಬಿಡುತ್ತದೆ.

ನಿಂತ ನೀರು ನೇರವಾಗಿ ಮುಟ್ಟುವುದು ಕಂಬದ ಬುಡದ ಜಂಕ್ಷನ್ ಬಾಕ್ಸನ್ನು. ಅದರ ಮುಚ್ಚಳ ಕಳೆದುಹೋಗಿರುತ್ತದೆ, ಒಳಗಿನ ಜೋಡಣೆಗೆ ಬರೀ ಟೇಪು ಸುತ್ತಿರುತ್ತದೆ. ತೇವ ಹೊಕ್ಕ ಕೂಡಲೇ ಇಡೀ ಫೀಡರಿಗೆ (ಬೀದಿಯ ಕಂಬಗಳಿಗೆಲ್ಲ ಕರೆಂಟು ಕೊಡುವ ಲೈನಿಗೆ) ಇರುವ ಒಂದೇ ಒಂದು ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್, ಟ್ರಿಪ್ ಆಗಿ ಬೀದಿಯೆಲ್ಲ ಕತ್ತಲೆ. ದೂರು ಬಂದಾಗ ಲೈನ್‌ಮನ್ ಇಎಲ್‌ಸಿಬಿಯನ್ನು ಬೈಪಾಸ್ ಮಾಡಿ ದೀಪ ಹತ್ತಿಸುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದಲೇ. ಕಂಬದ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಜೋಡಣೆ) ಒಡ್ಡುವ ತಡೆ 10 ಓಮ್ ಇದೆ ಎಂದುಕೊಳ್ಳಿ. 230 ವೋಲ್ಟ್ ಸೋರಿದರೆ ಹರಿಯುವುದು 23 ಆಂಪಿಯರ್. 32 ಆಂಪಿಯರಿನ ಫ್ಯೂಸ್ ಅದಕ್ಕೆ ಸುಡುವುದಿಲ್ಲ. ಕಂಬದಲ್ಲಿ ಕರೆಂಟು ಹಾಗೇ ಉಳಿಯುತ್ತದೆ, ಮುಟ್ಟುವ ಮಗುವಿಗೆ ಅದು ತಿಳಿಯುವುದಿಲ್ಲ. ಲೈನ್‌ಮನ್‌ಗೆ ನೋಟಿಸ್ ಕೊಟ್ಟರೆ ಇದು ಸರಿಹೋಗುವುದಿಲ್ಲ. ಬಾಕ್ಸನ್ನು ನೆಲದಿಂದ ಒಂದು ಮೀಟರ್ ಮೇಲೆ ಇಡಿಸಿ, ಕೇಬಲ್ ಹೊಗುವಲ್ಲಿ ನೀರು ನುಗ್ಗದಂತೆ ಬಿಗಿಯುವ ಗ್ಲ್ಯಾಂಡ್ ಹಾಕಿಸಿ. ಪ್ರತಿ ಕಂಬಕ್ಕೂ ಪ್ರತ್ಯೇಕ 30 ಮಿಲಿಆಂಪಿಯರಿನ ಆರ್‌ಸಿಬಿಒ (ಸೋರಿಕೆಗೂ ಅತಿಯಾದ ಕರೆಂಟಿಗೂ ಸಂಪರ್ಕ ಕಡಿಯುವ ಸ್ವಿಚ್) ಕೊಡಿಸಿ. ಆಗ ಕೆಟ್ಟ ಕಂಬ ಮಾತ್ರ ಆರುತ್ತದೆ, ಬೈಪಾಸ್ ಮಾಡುವ ಒತ್ತಡವೇ ಬರುವುದಿಲ್ಲ. ಏಪ್ರಿಲ್‌ನ ಮೊದಲ ಮಳೆಗೆ ಮುಂಚೆ ಅರ್ಥಿಂಗ್ ಅಳೆದು ಆ ಅಂಕಿಯನ್ನು ಕಂಬದ ಮೇಲೇ ಬರೆಸಿ.

ಎಲ್‌ಇಡಿ ಎಷ್ಟು ವ್ಯಾಟ್ ಎಂಬುದನ್ನು ನೋಡಿ ಬಿಲ್ ಪಾಸು ಮಾಡಬೇಡಿ. 9 ಮೀಟರ್ ಕಂಬದ ದೀಪ ಮಳೆಮರದ ಕೊಂಬೆಗಳ ಮೇಲಿದ್ದರೆ ಬೆಳಕು ಬೀಳುವುದು ಎಲೆಗಳಿಗೆ. ಅಂಥ ಬೀದಿಗೆ ಕೊಂಬೆಯ ಕೆಳಗೆ 4-5 ಮೀಟರ್ ಎತ್ತರದ ದೀಪಗಳು ಬೇಕು. ಚಪ್ಪಡಿ ಒಡೆದ ಫುಟ್‌ಪಾತಿನ ಮೇಲೆ ಲಕ್ಸ್ ಮೀಟರ್ ಇಟ್ಟು, ಬೀಳುವ ಬೆಳಕನ್ನು ಅಳೆದ ಮೇಲೆಯೇ ಹಣ ಕೊಡಿ.

ಇನ್ನು ಕಾಲುವೆ ಜಾಗದ ಮಾತು. ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ಇಟ್ಟಿತು, ಕಾಲುವೆಯ ಮಧ್ಯದಿಂದ ಅಳೆದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ಈ ಮೀಟರುಗಳ ವಾದದಲ್ಲಿ ಸಣ್ಣದೊಂದು ಅಗತ್ಯ ಮರೆತೇಹೋಗಿದೆ: ಹೂಳೆತ್ತುವ ಜೆಸಿಬಿ ಓಡಾಡುವ ದಾರಿ. ಅದರ ಅಗಲವೇ ಸುಮಾರು ಎರಡೂವರೆ ಮೀಟರ್. ಕಾಲುವೆಯ ಒಂದು ದಡದಲ್ಲಾದರೂ 3.5 ಮೀಟರ್ ತೆರವಿಲ್ಲದಿದ್ದರೆ ಹೂಳನ್ನು ಬಕೆಟ್ಟಿನಲ್ಲಿ ಎತ್ತಿ ಅಂಚಿಗೇ ಸುರಿಯುತ್ತಾರೆ, ಮೊದಲ ಮಳೆ ಅದನ್ನು ಮತ್ತೆ ಒಳಗೆ ತಳ್ಳುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದನ್ನು ನೀವೂ ಕಂಡಿದ್ದೀರಿ. ಗ್ರಾಮ ನಕ್ಷೆಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಮೀಸಲಾದ ಜಾಗ) ಎಂದು ಗುರುತಾದ ಕಾಲುವೆ ಜಾಗವನ್ನು ಅಳೆಸಿ, ಎರಡೂ ದಡಕ್ಕೆ ಕಲ್ಲು ನೆಡಿಸಿ, ಒಂದು ದಡದ ದಾರಿಗೆ ಗೇಟು ಮತ್ತು ದೀಪ ಕೊಡಿಸಿ. ಮನೆ ನಕ್ಷೆ ಮಂಜೂರಾತಿಗೆ ಮುನ್ನ ಆ ಕಲ್ಲುಗಳಿಂದಲೇ ಅಳತೆ ಹಿಡಿಯಲಿ.

ಹೊಸ ಡಾಂಬರು ಹಾಕುವಾಗಲೂ ಹಳೆಯ ಪದರ ಕೆರೆಯದೆ ಮೇಲೇ ಹಾಕಿದರೆ ಬೆಲ್‌ಮೌತ್, ಅಂದರೆ ರಸ್ತೆಯ ನೀರು ಮೋರಿಗೆ ಇಳಿಯುವ ಬಾಯಿ, ಮುಚ್ಚಿಹೋಗುತ್ತದೆ, ಎಷ್ಟು ದೊಡ್ಡ ಮೋರಿ ಇದ್ದರೂ ನೀರು ಅದಕ್ಕೆ ಇಳಿಯುವುದಿಲ್ಲ.

ಮೊದಲಿಗೆ ಪ್ರತಿ ವಾರ್ಡಿನಲ್ಲಿ ಮೋರಿಯೊಳಗೆ ನಿಂತ ಕಂಬಗಳ ಪಟ್ಟಿ ತಯಾರಿಸಿ. ಎರಡೂ ವಿಭಾಗದ ಸಹಾಯಕ ಎಂಜಿನಿಯರುಗಳು ಒಟ್ಟಿಗೆ ನಡೆದು ನೋಡಿ, ಒಂದೇ ಹಾಳೆಗೆ ಇಬ್ಬರೂ ಸಹಿ ಹಾಕಲಿ. ಆ ಹಾಳೆಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ.

ಇಂತಿ,
ವಿದ್ಯುತ್ ಮತ್ತು ಸಿವಿಲ್ ಕೆಲಸ ಬಲ್ಲ ನಿವಾಸಿಗಳು