ಕ್ಯಾಮೆರಾ ಎಣಿಸಲಿ, ಕಥೆಯನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಇಟಲಿಯ ಬೊಲೊನ್ಯಾದ ಮ್ಯೂಸಿಯಂಗಳಲ್ಲಿ 2021ರಲ್ಲಿ ‘ಶೇರ್‌ಆರ್ಟ್’ ವ್ಯವಸ್ಥೆಯನ್ನು ಪ್ರಯೋಗಿಸಿದರು. ಕಲಾಕೃತಿಯ ಪಕ್ಕದಲ್ಲೇ ಕ್ಯಾಮೆರಾ. ಜನ ಎಷ್ಟು ಹೊತ್ತು, ಎಷ್ಟು ದೂರದಲ್ಲಿ ನಿಂತು ನೋಡಿದರು ಎಂದು ಕೃತಕ ಬುದ್ಧಿಮತ್ತೆ ಲೆಕ್ಕ ಹಾಕುತ್ತದೆ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದು ನಿಲ್ಲಿಸಿದ ಕೃತಿಗಳು ತೀರಾ ಕಡಿಮೆಯಂತೆ.

ನಾನು ಇತಿಹಾಸದ ಶಿಕ್ಷಕಿಯಾಗಿದ್ದವಳು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಶಾಸನದ ಕಲ್ಲನ್ನು ಮಕ್ಕಳು ಸುಮ್ನೆ ದಾಟಿ ಹೋಗುತ್ತಿದ್ದರು. ಕಾಡುಹಂದಿಯೊಡನೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಕಥೆ ಹೇಳಿ, ಕಲ್ಲಿನಲ್ಲಿ ಕೆತ್ತಿದ ನಾಯಿ, ಹಂದಿ ತೋರಿಸಿದರೆ ಅಲ್ಲಿಂದ ಕದಲುತ್ತಲೇ ಇರಲಿಲ್ಲ! ಈ ‘ಯಾಕೆ’ ಕ್ಯಾಮೆರಾಗೆ ಸಿಗುವುದಿಲ್ಲ, ಅಲ್ವಾ?

ನಮ್ಮಲ್ಲೂ ಇಂಥದ್ದು ಬರಲಿ. ಆದರೆ ಯಾರ ಮುಖದ ಚಿತ್ರವನ್ನೂ ಉಳಿಸಿಕೊಳ್ಳಬಾರದು, ಕ್ಯಾಮೆರಾ ಇದೆ ಎಂದು ಬಾಗಿಲಲ್ಲೇ ಬೋರ್ಡ್ ಹಾಕಬೇಕು. ಜನ ನಿಲ್ಲದ ಕಡೆ ಕನ್ನಡದಲ್ಲಿ ಕಥೆ ಬರೆದಿಡಲಿ.

– ನಿವೃತ್ತ ಶಿಕ್ಷಕಿ, ಬೆಂಗಳೂರು