ಕೊಲಂಬಿಯಾ ಫೋಟೊ ಬಗ್ಗೆ

ಗೆಳೆಯರೇ, ಕಲ್ಪನಾ ಚಾವ್ಲಾ ನೆನಪಿಗೆ ಅಂತ ಗುಂಪಿನಲ್ಲಿ ಓಡಾಡುತ್ತಿರುವ ಫೋಟೊ ಅವರಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆಯದ್ದಲ್ಲ. ನೀಲಿ ಆಕಾಶದಲ್ಲಿ ಕವಲೊಡೆದ ಬಿಳಿ ಹೊಗೆ ಇದೆಯಲ್ಲ, ಅದು 1986ರ ಚಾಲೆಂಜರ್ ನೌಕೆಯದ್ದು. ಅದು ಮೇಲೇರುವಾಗಲೇ ಒಡೆದುಹೋಗಿತ್ತು.

ಕೊಲಂಬಿಯಾ ಕಥೆ ಬೇರೆ. 2003ರ ಜನವರಿ 16ರಂದು ಹಾರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿದು ತೂತು ಮಾಡಿತು. ಫೆಬ್ರವರಿ 1ರಂದು ವಾಪಸ್ ಬರುವಾಗ ಆ ತೂತಿನಿಂದ ಸುಡುವ ಗಾಳಿ ಒಳನುಗ್ಗಿ, ಟೆಕ್ಸಾಸ್ ಮೇಲೆ ನೌಕೆ ಚೂರಾಯಿತು. ಕಲ್ಪನಾ ಸೇರಿ ಒಳಗಿದ್ದ ಏಳೂ ಜನ ಹೋದರು. ಇಳಿಯಲು ಸುಮಾರು 16 ನಿಮಿಷ ಬಾಕಿ ಇತ್ತು, ಅಷ್ಟೇ. ರೆಕ್ಕೆಯ ಚಿತ್ರ ತೆಗೆಸಿ ಅಂತ ನಾಸಾದ ಎಂಜಿನಿಯರುಗಳು ಮೊದಲೇ ಕೇಳಿದ್ದರು, ಮೇಲಿನವರು ಒಪ್ಪಲಿಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ.

ಆ ಫೋಟೊ ಅಳಿಸುತ್ತಿದ್ದೇನೆ. ಬೇರೆ ಗುಂಪಿಗೆ ಕಳಿಸಿದ್ದರೆ ಅಲ್ಲೂ ತಿಳಿಸಿಬಿಡಿ.